ಕೇಳುವುದು

ಆಷಾಢ ಮುಗಿದು ಶ್ರಾವಣ ಕಾಲಿಟ್ಟರೂ ಹಿಡಿದ ಮಳೆ ಬಿಡದೆ ಹೋದರೆ, ಶಿರಸಿ-ಸಿದ್ದಾಪುರದ ಘಟ್ಟದಂಚಿನ ತೋಟಿಗರ ಮನೆಗಳಲ್ಲಿ ಒಂದೇ ಮಾತು: ‘ಎರಡು ದಿನ ಹೊಳವಾದರೆ ಸಾಕಾಗಿತ್ತು.’ ಅಡಿಕೆಗೆ ಕೊಳೆ ತಗಲುವ ಕಾಲ ಅದು. ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಗೊನೆಗೆ ಹೊಡೆಯಬೇಕು. ಹೊಡೆದದ್ದು ಒಣಗುವಷ್ಟು ಹೊತ್ತಾದರೂ ಆಕಾಶ ಸುಮ್ಮನಿರಬೇಕು. ಒದ್ದೆ ಮರ ಹತ್ತಲು ಕೊನೆಗೌಡನೂ ಹಿಂದೆಗೆಯುತ್ತಾನೆ. ದಿನಬೆಳಗಾದರೆ ಎಳೆಗಾಯಿ ಉದುರಿ ಬಿದ್ದಿರುವುದನ್ನು ನೋಡುವ ಯಜಮಾನ ದೇವರ ಮುಂದೆ ದೀಪ ಹಚ್ಚಿ ಮಳೆ ನಿಲ್ಲಲಿ ಎಂದು ಕೈಮುಗಿಯುತ್ತಾನೆ. ಅದೇ ದಿನ, ಅಲ್ಲಿಂದ ಕೆಲವೇ ಹರದಾರಿ ಮೂಡಲಿಗೆ, ಬನವಾಸಿಯ ಬಯಲಿನಲ್ಲಿ ಗದ್ದೆಯ ಬದುವಿನ ಮೇಲೆ ನಿಂತ ರೈತ ಮುಗಿಲು ನೋಡಿ, ಇನ್ನೊಂದು ನಾಲ್ಕು ದಿನ ಸುರಿಯಲಿ ಎಂದು ಮಧುಕೇಶ್ವರನನ್ನು ನೆನೆಯುತ್ತಾನೆ. ಇಬ್ಬರೂ ಸಜ್ಜನರು. ಇಬ್ಬರಿಗೂ ಮಕ್ಕಳಿದ್ದಾರೆ, ಸೊಸೈಟಿಯಲ್ಲಿ ಸಾಲವಿದೆ. ಒಬ್ಬನ ಪ್ರಾರ್ಥನೆ ಫಲಿಸಿದರೆ ಇನ್ನೊಬ್ಬನದು ಬಿದ್ದುಹೋಗುತ್ತದೆ.

ಇದಕ್ಕೆ ಹಿರಿಯರು ಬಹಳ ಹಿಂದೆಯೇ ಉತ್ತರ ಹೇಳಿಬಿಟ್ಟಿದ್ದಾರೆ: ನನ್ನ ಇಷ್ಟದಂತೆ ಆಗಲಿ ಎಂದು ಬೇಡಬೇಡ, ನಿನ್ನ ಇಚ್ಛೆಯಂತೆ ಆಗಲಿ ಎಂದು ಬೇಡು. ಕೇಳುವುದಕ್ಕೆ ಸೊಗಸಾದ ಮಾತು. ಪತ್ರಿಕೆಯ ಪುಟದಲ್ಲೋ ಪ್ರವಚನದ ಪೀಠದಲ್ಲೋ ಅದನ್ನು ಆಡಿ ಮುಗಿಸಿದರೆ ಎಲ್ಲರೂ ತಲೆದೂಗುತ್ತಾರೆ. ಆದರೆ ಉದುರಿದ ಕಾಯನ್ನು ಮಡಿಲಲ್ಲಿ ಹಾಕಿಕೊಂಡು ಬರುವ ಮನುಷ್ಯನಿಗೆ ಆ ಮಾತನ್ನು ಹೇಳಿ ನೋಡಿ. ಅವನು ಒಪ್ಪಬಹುದು, ಒಪ್ಪಿದನೆಂದರೆ ಏನನ್ನು ಒಪ್ಪಿದ? ಕೊಳೆರೋಗವನ್ನೆ? ಔಷಧ ಹೊಡೆಯುವುದನ್ನು ಬಿಡಬೇಕೆಂಬುದನ್ನೆ? ಬನವಾಸಿಯ ರೈತ ತನಗಿಂತ ದೇವರಿಗೆ ಬೇಕಾದವನು ಎಂಬುದನ್ನೆ? ಇದು ಯಾವುದೂ ಅಲ್ಲವೆಂದಾದರೆ, ಆ ಮಾತಿನ ಅರ್ಥವಾದರೂ ಏನು ಎಂದು ವಿಚಾರಿಸುವುದು ಅಧಿಕಪ್ರಸಂಗವಾಗಲಾರದೆಂದು ನಂಬಿದ್ದೇನೆ.

ನಮ್ಮ ಸೀಮೆಯ ಅನೇಕ ದೇವಸ್ಥಾನಗಳಲ್ಲಿ ಪ್ರಸಾದ ಕೇಳುವ ವಾಡಿಕೆಯುಂಟು. ಮೂರ್ತಿಯ ಮೈಮೇಲೆ ನೀರಿನಲ್ಲಿ ಅದ್ದಿದ ಹೂವನ್ನೋ ಎಸಳನ್ನೋ ಅಂಟಿಸುತ್ತಾರೆ. ಮದುವೆಯ ಮಾತು, ಜಮೀನಿನ ವ್ಯಾಜ್ಯ, ಮನೆಯ ಕಾಯಿಲೆ, ಏನು ಮನಸ್ಸಿನಲ್ಲಿದೆಯೋ ಅದನ್ನು ಭಟ್ಟರು ದೇವರಿಗೆ ಅರಿಕೆ ಮಾಡುತ್ತಾರೆ. ಹೂವು ಬಲಕ್ಕೆ ಬಿದ್ದರೆ ಅಪ್ಪಣೆಯಾಯಿತು. ಎಡಕ್ಕೆ ಬಿದ್ದರೆ ಇಲ್ಲ. ಯೋಚಿಸಿ ನೋಡಿದರೆ ದೇವರ ಇಚ್ಛೆಯನ್ನು ಇಷ್ಟು ನೇರವಾಗಿ ವಿಚಾರಿಸುವ ವಿಧಾನ ಮತ್ತೊಂದಿಲ್ಲ. ಇಲ್ಲಿ ಭಕ್ತ ಏನನ್ನೂ ಬೇಡುತ್ತಿಲ್ಲ. ನಿನ್ನ ಚಿತ್ತವೇನು ಎಂದು ತಿಳಿಯಬಯಸುತ್ತಿದ್ದಾನೆ, ಅಷ್ಟೆ. ಆದರೆ ಆ ಹೊತ್ತಿನಲ್ಲಿ ಅವನ ಪಕ್ಕದಲ್ಲಿ ನಿಂತು ನೋಡಬೇಕು. ‘ಬಲಕ್ಕೆ ಕೊಡು ತಾಯಿ, ಬಲಕ್ಕೆ ಕೊಡು’ ಎಂದು ತುಟಿ ಅಲ್ಲಾಡುತ್ತಿರುತ್ತದೆ! ಅಕಸ್ಮಾತ್ ಎಡಕ್ಕೆ ಬಿತ್ತೋ, ಪ್ರಶ್ನೆಯನ್ನೇ ತಿದ್ದಿ ಮತ್ತೊಮ್ಮೆ ಕೇಳುವುದು. ಈ ವರ್ಷ ಬೇಡವಾದರೆ ಮುಂದಿನ ವರ್ಷ ಆದೀತೆ? ಈ ಸಂಬಂಧ ಬೇಡವೋ, ಅಥವಾ ಈ ಮುಹೂರ್ತ ಬೇಡವೋ? ಭಟ್ಟರೂ ಅನುಭವಸ್ಥರು, ಗಿರಾಕಿಯ ಮುಖ ನೋಡಿ ಪ್ರಶ್ನೆಗೆ ಬಾಗಿಲು ಕಿಟಕಿಗಳನ್ನು ಇಟ್ಟುಕೊಡುತ್ತಾರೆ.

ಇದನ್ನು ನೋಡಿ ನಗಬಹುದು. ನಾನೂ ನಕ್ಕದ್ದುಂಟು. ಆದರೆ ನಗುವ ಮೊದಲು ನಮ್ಮ ಭಾಷೆಯ ಒಂದು ಸೋಜಿಗವನ್ನು ಗಮನಿಸಬೇಕು. ಕನ್ನಡದಲ್ಲಿ ಬೇಡುವುದಕ್ಕೂ ಕೇಳುವುದೆನ್ನುತ್ತೇವೆ, ಪ್ರಶ್ನೆ ಮಾಡುವುದಕ್ಕೂ ಕೇಳುವುದೆನ್ನುತ್ತೇವೆ, ಕಿವಿಗೊಡುವುದಕ್ಕೂ ಕೇಳುವುದೇ. ‘ದೇವರನ್ನು ಕೇಳಿದೆ’ ಎಂದರೆ ಸಾಲ ಕೇಳಿದಂತೆಯೂ ಆದೀತು, ದಾರಿ ಕೇಳಿದಂತೆಯೂ ಆದೀತು. ದೇವರ ಮಾತು ಕೇಳಿದೆ ಎಂದರೆ ವಿಧೇಯನಾದೆ ಎಂದೂ ಅರ್ಥ. ಮೂರೂ ಒಂದೇ ಧಾತುವಿನ ಹೊಟ್ಟೆಯೊಳಗೆ ಮಲಗಿವೆ. ಬೇಡಲು ಹೋದವನು ಕಿವಿಗೊಡುವವನಾಗಬೇಕೆಂದು ಧರ್ಮಗ್ರಂಥಗಳೆಲ್ಲ ಹೇಳುತ್ತವಷ್ಟೆ. ಹೂವಿನ ಮುಂದೆ ನಿಂತ ಬಡಪಾಯಿ ಆ ಮೂರರ ನಡುವೆ ಅತ್ತಿಂದಿತ್ತ ತೂಗಾಡುತ್ತಿದ್ದಾನೆ. ಅವನನ್ನು ಕಪಟಿ ಎನ್ನಲಾರೆ.

ಶಾಸ್ತ್ರ ಏನೆನ್ನುತ್ತದೆಂದು ತಿಳಿಯಬೇಕಾದವರು ದೂರ ಹೋಗಬೇಕಾಗಿಲ್ಲ. ಶಿರಸಿಯ ಹತ್ತಿರದ ಸೋದೆಯ ಸುತ್ತಮುತ್ತಲೇ ಮೂರು ಮತಗಳ ಮಠಗಳಿವೆ. ವಾದಿರಾಜರ ಬೃಂದಾವನವಿರುವ ಮಾಧ್ವ ಮಠದಲ್ಲಿ ಕೇಳಿದರೆ, ಹರಿಯೊಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಅವನ ಅಧೀನ ಎಂಬ ಉತ್ತರ ದೊರೆಯುತ್ತದೆ. ಹಾಗಾದರೆ ನನ್ನ ಬೇಡಿಕೆಯೂ ಅವನ ಪ್ರೇರಣೆಯೇ ಸರಿ. ಬೇಡುವವನೂ ನಾನಲ್ಲ ಎಂಬಲ್ಲಿಗೆ ವಿಚಾರ ಹೋಗಿ ನಿಲ್ಲುತ್ತದೆ. ಸ್ವರ್ಣವಲ್ಲಿಯ ಅದ್ವೈತ ಪರಂಪರೆ ಪೂಜೆ ಪ್ರಾರ್ಥನೆಗಳನ್ನು ಚಿತ್ತಶುದ್ಧಿಗೆ ಸಾಧನವೆಂದು ಇಟ್ಟುಕೊಳ್ಳುತ್ತದೆ. ಮಳೆ ನಿಂತಿತೋ ಇಲ್ಲವೋ ಎಂಬುದಕ್ಕಿಂತ ಬೇಡಿದವನ ಮನಸ್ಸು ತಿಳಿಯಾಯಿತೆ ಎಂಬುದು ಅಲ್ಲಿಯ ಲೆಕ್ಕ. ಸ್ವಾದಿಯ ಜೈನಮಠಕ್ಕೆ ಹೋದರಂತೂ ಪ್ರಶ್ನೆಯ ಬುಡವೇ ಕದಲುತ್ತದೆ. ತೀರ್ಥಂಕರರು ಒಲಿಯುವವರೂ ಅಲ್ಲ, ಮುನಿಯುವವರೂ ಅಲ್ಲ, ಏನನ್ನೂ ಕೊಡುವವರಲ್ಲ. ಅವರನ್ನು ವಂದಿಸುವುದು ಅವರ ಗುಣ ನಮ್ಮಲ್ಲಿ ಬರಲಿ ಎಂದು. ಆಸೆಗಳ ಪಟ್ಟಿಯನ್ನು ಒಪ್ಪಿಸಲು ಅಲ್ಲಿ ಕಚೇರಿಯೇ ಇಲ್ಲ. ಬನವಾಸಿಯ ಮೇಲಿನ ಪ್ರೀತಿಯನ್ನು ಲೋಕಪ್ರಸಿದ್ಧವಾಗಿಸಿದ ಪಂಪನೂ ಜೈನನೇ ಎಂಬುದು ಇಲ್ಲಿ ನೆನಪಾಗುತ್ತದೆ. ತೀರ್ಥಂಕರರಿಂದ ಏನನ್ನೂ ಬೇಡದ ಮತದ ಕವಿ, ಮರುಹುಟ್ಟಿನಲ್ಲಿ ಮರಿದುಂಬಿಯೋ ಕೋಗಿಲೆಯೋ ಆಗಿಯಾದರೂ ಈ ನಾಡಿನ ಉದ್ಯಾನದಲ್ಲಿ ಹುಟ್ಟಬೇಕೆಂಬ ಆಸೆಯನ್ನು ಕಾವ್ಯದಲ್ಲಿ ಬರೆದಿಟ್ಟ. ಮೋಕ್ಷದ ಮಾತನ್ನು ಬಲ್ಲವನು ದುಂಬಿಯಾಗಲು ಹಂಬಲಿಸಿದ್ದನ್ನು ಅವನ ಮತದವರು ಕ್ಷಮಿಸಿರಬೇಕು. ನಾವಂತೂ ಸಾವಿರ ವರ್ಷದಿಂದ ಅದಕ್ಕಾಗಿ ಅವನನ್ನು ಹೆಚ್ಚು ಪ್ರೀತಿಸಿದ್ದೇವೆ.

ಆಸೆ ಕೀಳಾದದ್ದು, ಪ್ರಾರ್ಥನೆಯಲ್ಲಿ ಅದರ ಸುಳಿವಿರಬಾರದು ಎಂಬ ಕಟ್ಟುನಿಟ್ಟು ಗೀತೆಗೂ ಒಪ್ಪಿಗೆಯಿಲ್ಲ. ಸಂಕಟದಲ್ಲಿ ಕೂಗುವವನು, ತಿಳಿಯಬೇಕೆನ್ನುವವನು, ಹಣಕಾಸು ಬೇಡುವವನು, ಜ್ಞಾನಿ, ಹೀಗೆ ನಾಲ್ಕು ಬಗೆಯ ಭಕ್ತರನ್ನು ಎಣಿಸಿ, ಜ್ಞಾನಿಯನ್ನು ತನ್ನ ಆತ್ಮವೇ ಎಂದು ಕರೆದರೂ, ನಾಲ್ವರೂ ಉದಾರರೇ ಎಂದು ಕೃಷ್ಣ ಹೇಳಿಬಿಡುತ್ತಾನೆ. ನಮ್ಮ ಮನೆಗಳ ಪೂಜೆಯೂ ಇದೇ ಜಾಡಿನದು. ಸಂಕಲ್ಪ ಮಾಡುವಾಗ ಕ್ಷೇಮ, ಸ್ಥೈರ್ಯ, ಆಯುಷ್ಯ, ಆರೋಗ್ಯ, ಐಶ್ವರ್ಯ ಎಂದು ಉದ್ದಕ್ಕೆ ಬೇಡುತ್ತೇವೆ, ಒಂದನ್ನೂ ಬಿಡುವುದಿಲ್ಲ. ಪೂಜೆ ಮುಗಿಯುವ ಹೊತ್ತಿಗೆ ಒಂದು ಉದ್ಧರಣೆ ನೀರು ಬಿಟ್ಟು ಎಲ್ಲವನ್ನೂ ಅರ್ಪಿಸಿಬಿಡುತ್ತೇವೆ. ಈ ಎರಡರ ನಡುವಿನ ಒಂದು ಗಂಟೆಯಲ್ಲಿ ಬೇಡಿದವನು ಬಿಟ್ಟುಕೊಡುವವನಾಗಬೇಕು ಎಂದು ವಿಧಿಯನ್ನು ಕಟ್ಟಿದವರ ನಿರೀಕ್ಷೆಯಿದ್ದಿರಬೇಕು. ನಡುವೆ ಅಡಿಗೆಮನೆಯ ಚಿಂತೆ ಬಂದು ನಿರೀಕ್ಷೆ ಕೆಡುವುದು ಬೇರೆ ವಿಷಯ. ಗೆತ್ಸೆಮನೆಯ ತೋಟದಲ್ಲಿ ಆ ರಾತ್ರಿ ಯೇಸು ಮಾಡಿದ ಪ್ರಾರ್ಥನೆಯಲ್ಲೂ ಮೊದಲು ಬಂದದ್ದು ಬೇಡಿಕೆಯೇ: ಈ ಕಹಿಯ ಬಟ್ಟಲು ನನ್ನಿಂದ ದೂರ ಹೋಗಲಿ ಎಂದು. ನಿನ್ನ ಚಿತ್ತ ನಡೆಯಲಿ ಎಂಬುದು ಆಮೇಲೆ ಬಂತು. ಸಾಯಲು ಇಷ್ಟವಿಲ್ಲವೆಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಒಪ್ಪಿಕೊಂಡದ್ದು. ಮೊದಲಿನ ಮಾತಿಲ್ಲದೆ ಎರಡನೆಯದನ್ನಷ್ಟೇ ಆಡುವವನ ವಿನಯದಲ್ಲಿ ನನಗೇನೋ ಸಂಶಯ. ಕೇಳಿ ಇಲ್ಲವೆನಿಸಿಕೊಳ್ಳುವ ಅವಮಾನಕ್ಕೆ ಹೆದರಿ ಕೇಳದೆಯೇ ಉಳಿಯುವವರನ್ನು ನೆಂಟರಿಷ್ಟರಲ್ಲಿ ನೋಡಿಲ್ಲವೆ? ದೇವರೊಡನೆಯೂ ಅಂಥ ಬಿಗುಮಾನ ಇಟ್ಟುಕೊಳ್ಳುವವರುಂಟು.

ಇಷ್ಟರ ಮಟ್ಟಿಗೆ ವಿಚಾರ ಸುಗಮ. ತೊಡಕು ಬರುವುದು ಮುಂದೆ: ಯಾವುದು ದೇವರ ಇಚ್ಛೆ ಎಂದು ಯಾರು ಹೇಳಬೇಕು?

ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ದೇವಿ ರಥವೇರಿ ಬಿಡಕಿಬೈಲಿನ ಗದ್ದುಗೆಗೆ ಬಂದು ಕುಳಿತರೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಮಾರಿ ಎಂದರೆ ಒಂದು ಕಾಲಕ್ಕೆ ಬೇನೆಗಳ ಒಡತಿ. ಮನೆಯಲ್ಲಿ ಸಿಡುಬು ಕಾಣಿಸಿಕೊಂಡರೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬೇವಿನ ಸೊಪ್ಪು ಕಟ್ಟಿ, ಒಗ್ಗರಣೆ ನಿಲ್ಲಿಸಿ, ದನಿಯೆತ್ತದೆ ಮಾತಾಡುತ್ತಿದ್ದರು, ಬಂದವಳು ಮುನಿಯಬಾರದಷ್ಟೆ. ಮಗು ಉಳಿದರೆ ಅವಳ ಕೃಪೆ, ಹೋದರೆ ಅವಳ ಇಚ್ಛೆ. ಆ ತಾಯಂದಿರ ಶರಣಾಗತಿಯನ್ನು ಹಗುರವಾಗಿ ಕಾಣುವ ಧೈರ್ಯ ನನಗಿಲ್ಲ. ಬೇರೆ ಆಸರೆಯೇ ಇಲ್ಲದ ಕಡೆ ಅವರು ಆ ಸಂಕಟಕ್ಕೆ ಒಂದು ಹೆಸರು ಕೊಟ್ಟು, ಅದರೊಡನೆ ಮಾತಾಡುವ ದಾರಿ ಕಂಡುಕೊಂಡಿದ್ದರು. ಆದರೂ ಚರಿತ್ರೆಯ ಮಾತು ಬೇರೆ. 1975ರ ತರುವಾಯ ಭಾರತದಲ್ಲಿ ಸಿಡುಬು ಕಾಣಿಸಿಕೊಳ್ಳಲಿಲ್ಲ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಿತು. ಹಾಗಾದರೆ ಅಷ್ಟು ಶತಮಾನಗಳ ಕಾಲ ದೇವಿಯ ಇಚ್ಛೆ ಎನಿಸಿಕೊಂಡದ್ದು ಅವಳ ಇಚ್ಛೆಯಾಗಿರಲಿಲ್ಲವೆ? ಅಥವಾ ಮಣಿಕಟ್ಟಿನ ಚೀಲದಲ್ಲಿ ಸೂಜಿ ಇಟ್ಟುಕೊಂಡು ಹಳ್ಳಿ ಹಳ್ಳಿ ತಿರುಗಿದ ಸರಕಾರಿ ನೌಕರರು ಅವಳ ಇಚ್ಛೆಯನ್ನೇ ಸೋಲಿಸಿಬಿಟ್ಟರೆ? ಜನ ಈ ತರ್ಕಕ್ಕೆ ಸಿಕ್ಕಿಕೊಳ್ಳಲಿಲ್ಲ. ಸಿಡುಬಿನ ಚುಚ್ಚುಮದ್ದಿಗೂ ‘ದೇವಿ ಹಾಕಿಸುವುದು’ ಎಂದೇ ಹೆಸರಿಟ್ಟರು! ರೋಗಕ್ಕೂ ಅವಳ ಹೆಸರು, ಮದ್ದಿಗೂ ಅವಳ ಹೆಸರು. ರೋಗ ಹೋದ ಮೇಲೆ ಜಾತ್ರೆಯೂ ನಿಲ್ಲಲಿಲ್ಲ, ಮೊದಲಿಗಿಂತ ದೊಡ್ಡದಾಯಿತು. ಅವಳ ಮುಂದೆ ಕೈಮುಗಿದವರು ಬೇಡುತ್ತಿದ್ದದ್ದು ಸಿಡುಬು ಹೋಗಲಿ ಎಂಬುದೊಂದನ್ನೇ ಆಗಿದ್ದರೆ, ಬೇಡಿಕೆ ತೀರಿದ ಮೇಲೆ ಗದ್ದುಗೆ ಬರಿದಾಗಬೇಕಿತ್ತು.

ಇದೇ ಮಾರಿಕಾಂಬೆಗೆ ಜಾತ್ರೆಯಲ್ಲಿ ಕೋಣನ ಬಲಿಯಾಗುತ್ತಿತ್ತು. ಅದು ದೇವಿಗೆ ಬೇಕಾದದ್ದು ಎಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. 1934ರಲ್ಲಿ ಹರಿಜನ ಪ್ರವಾಸದಲ್ಲಿದ್ದ ಗಾಂಧೀಜಿ ಶಿರಸಿಗೆ ಬಂದರು. ಆ ಭೇಟಿಯೊಡನೆ ಬಲಿ ನಿಂತ ಸಂಗತಿಯನ್ನು ಶಿರಸಿಯವರು ಇಂದಿಗೂ ಹೇಳಿಕೊಳ್ಳುತ್ತಾರೆ. ಬಲಿ ನಿಂತದ್ದಕ್ಕೆ ದೇವಿ ಮುನಿಯಲಿಲ್ಲ. ಆದರೆ ಕತೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಬಿಟ್ಟು ಹೇಳುವುದು ನ್ಯಾಯವಲ್ಲ. ಅದೇ ವರ್ಷದ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಗಿ ಸಾವಿರಾರು ಜನ ಸತ್ತಿದ್ದರು. ಅದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಗಾಂಧೀಜಿ ಹೇಳಿದರು. ಪ್ರಕೃತಿಯ ಉತ್ಪಾತಕ್ಕೆ ಇಂಥ ಅರ್ಥ ಹಚ್ಚುವುದು ಅವಿಚಾರವೆಂದು ರವೀಂದ್ರನಾಥ ಠಾಕೂರರು ಬಹಿರಂಗವಾಗಿ ಪ್ರತಿಭಟಿಸಿದರು. ಗಾಂಧೀಜಿ ದೊಡ್ಡವರು, ಆ ಪ್ರತಿಭಟನೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚುಹಾಕಿ ಉತ್ತರ ಬರೆದರು, ಮಾತನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಆ ಚರ್ಚೆಯ ಬಿಸಿ ಆರುವ ಮೊದಲೇ ಅವರು ನಮ್ಮ ಜಿಲ್ಲೆಗೆ ಕಾಲಿಟ್ಟದ್ದು. ಒಬ್ಬನೇ ಮನುಷ್ಯ ಕೋಣನ ವಿಷಯದಲ್ಲಿ ದೇವರ ಮನಸ್ಸನ್ನು ಸರಿಯಾಗಿ ಓದಿದರು, ಭೂಕಂಪದ ವಿಷಯದಲ್ಲಿ ತಪ್ಪಾಗಿ ಓದಿದರು ಎಂದು ನನಗೆ ತೋರುತ್ತದೆ. ಎರಡು ಓದುಗಳಿಗೂ ಇರುವ ವ್ಯತ್ಯಾಸವೇನು? ಒಂದರಲ್ಲಿ ದೇವರ ಹೆಸರಿನಲ್ಲಿ ಸಾಯುತ್ತಿದ್ದ ಮೂಕಪ್ರಾಣಿಯ ಪರವಾಗಿ ನಿಂತರು. ಇನ್ನೊಂದರಲ್ಲಿ, ಅಸ್ಪೃಶ್ಯರ ಪರವಾಗಿಯೇ ಮಾತಾಡುತ್ತಿದ್ದರೂ, ಎಲ್ಲೋ ಗೋಡೆ ಕುಸಿದು ಸತ್ತ ಅಪರಿಚಿತರ ಮೇಲೆ ತೀರ್ಪು ಬರೆದರು. ಸತ್ತವರಲ್ಲಿ ಅಸ್ಪೃಶ್ಯರೂ ಇದ್ದಿರಲೇಬೇಕಲ್ಲ.

ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಮಹಿಳಾ ಸತ್ಯಾಗ್ರಹಿಗಳ ಸ್ಮಾರಕವಿದೆ. ಕರನಿರಾಕರಣೆಯ ಕಾಲದಲ್ಲಿ, 1930ರ ದಶಕದ ಮೊದಲಲ್ಲಿ, ಸರಕಾರ ಜಪ್ತಿಮಾಡಿದ ಆಸ್ತಿಯನ್ನು ಕೊಂಡವರ ಮನೆಬಾಗಿಲಲ್ಲಿ ಈ ಹೆಂಗಸರು ಉಪವಾಸ ಕುಳಿತರು. ದೇವರ ಇಚ್ಛೆಗೆ ಒಪ್ಪಿಸುವುದು ಎಂದರೆ ಆದದ್ದಕ್ಕೆಲ್ಲ ತಲೆಬಾಗುವುದು ಎನ್ನುವವರು ಅಲ್ಲಿಗೆ ಒಮ್ಮೆ ಹೋಗಿ ಬರಬೇಕು. ಜಪ್ತಿಯೂ ದೇವರ ಚಿತ್ತವೇ ಎಂದು ಆ ಗೃಹಿಣಿಯರು ಮನೆಯಲ್ಲೇ ಕುಳಿತಿದ್ದರೆ ಯಾರೂ ಅವರನ್ನು ಭಕ್ತಿಯಿಲ್ಲದವರು ಎನ್ನುತ್ತಿರಲಿಲ್ಲ. ಅವರು ತಮ್ಮ ಹೊಟ್ಟೆಯನ್ನು ದೇವರಿಗೆ ಒಪ್ಪಿಸಿದರು. ಗದ್ದೆಯನ್ನು ಮಾಮಲೇದಾರನಿಗೆ ಒಪ್ಪಿಸಲಿಲ್ಲ.

ಬನವಾಸಿಯ ಹೆಸರು ಬಂದ ಮೇಲೆ ಅಲ್ಲಮನನ್ನು ಬಿಡುವಂತಿಲ್ಲ. ಅವನ ಕತೆಯನ್ನು ಇಬ್ಬರು ಕವಿಗಳು ಎರಡು ಬಗೆಯಾಗಿ ಹೇಳಿದ್ದಾರೆ. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮ ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ಬಾರಿಸುತ್ತಾನೆ, ಬನವಾಸಿಯ ಅರಸುಮಗಳಾದ ಮಾಯೆ ಅವನಿಗೆ ಮರುಳಾಗುತ್ತಾಳೆ, ಅವನು ಅವಳ ಕೈಗೆ ಸಿಕ್ಕುವುದೇ ಇಲ್ಲ. ಅಲ್ಲಿ ಆಸೆ ಅವನನ್ನು ಮುಟ್ಟಲಾರದು; ಆದ್ದರಿಂದ ಸೋಲುವ ಪ್ರಶ್ನೆಯೂ ಇಲ್ಲ. ಅವನಿಗಿಂತ ಹಿಂದಿನ ಹರಿಹರ ಹೇಳುವುದು ಬಳ್ಳಿಗಾವೆಯ ಅಲ್ಲಮನ ಕತೆ, ಬೇರೆಯೇ ರೀತಿ. ಅಲ್ಲಿ ಅಲ್ಲಮ ಕಮಲತೆಯನ್ನು ಒಲಿದು ಕೂಡಿ ಬಾಳುತ್ತಾನೆ. ಜ್ವರ ಬಂದು ಕಮಲತೆ ಸಾಯುತ್ತಾಳೆ. ಅಲ್ಲಮ ಹುಚ್ಚನಂತೆ ತಿರುಗುತ್ತ, ಊರ ಹೊರಗೆ ಒಂದೆಡೆ ಕುಳಿತು ಕಾಲಬೆರಳಿನಿಂದ ನೆಲ ಕೆರೆಯುತ್ತಿರುವಾಗ ಹೊನ್ನಿನ ಕಲಶವೊಂದು ಕಾಣುತ್ತದೆ. ಅಗೆಸಿದರೆ ಕೆಳಗೆ ಹೂತುಹೋದ ಗುಡಿ. ಬಾಗಿಲು ತೆಗೆದು ಒಳಗೆ ಹೋದರೆ ಅಂಗೈಯ ಲಿಂಗದಲ್ಲಿ ಕಣ್ಣು ನೆಟ್ಟ ಅನಿಮಿಷಯ್ಯ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ; ಮುಂದೆ ಶೂನ್ಯಪೀಠದ ಒಡೆಯನಾಗುವ ಪ್ರಭುವಿನ ಹುಟ್ಟು ಅಲ್ಲಿಂದ.

ನನಗೆ ಹರಿಹರನ ಅಲ್ಲಮನೇ ಹೆಚ್ಚು ಹತ್ತಿರದವನು. ಆದರೆ ಈ ಕತೆಯನ್ನು ಉಪನ್ಯಾಸಕರು ಹೇಳುವ ರೀತಿಯೊಂದುಂಟು, ಅದನ್ನು ಕೇಳಿದಾಗಲೆಲ್ಲ ಮನಸ್ಸು ಹಿಂಜರಿಯುತ್ತದೆ. ‘ನೋಡಿ, ಅವನು ಬೇಡಿದ್ದು ಕಮಲತೆ ಬದುಕಲಿ ಎಂದು; ದೇವರು ಅದನ್ನು ಕೊಡಲಿಲ್ಲ, ಅದಕ್ಕಿಂತ ಹಿರಿದಾದುದನ್ನು ಕೊಟ್ಟ.’ ಅಲ್ಲಮನ ಕಡೆಯಿಂದ ಲೆಕ್ಕ ಸರಿಯಾಯಿತು. ಕಮಲತೆಯ ಕಡೆಯಿಂದ? ಜ್ವರದಲ್ಲಿ ಬೇಯುತ್ತಿದ್ದ ಆ ಹೆಣ್ಣೂ ಏನನ್ನೋ ಬೇಡಿಕೊಂಡಿರಬೇಕಲ್ಲ! ಒಬ್ಬನಿಗೆ ವೈರಾಗ್ಯ ಬರಲೆಂದು ಇನ್ನೊಬ್ಬಳಿಗೆ ಜ್ವರ ಬರಿಸುವ ದೇವರನ್ನು ನಂಬುವುದು ನನ್ನಿಂದಾಗದು, ನಂಬಿದರೂ ಪ್ರೀತಿಸಲಾಗದು. ಹರಿಹರ ಕೂಡ ಹಾಗೆ ಹೇಳುವ ಅವಸರ ಮಾಡುವುದಿಲ್ಲ. ಅವನ ಅಲ್ಲಮ ಸಮಾಧಾನದ ಮಾತು ಹುಡುಕುವುದಿಲ್ಲ; ಸುಮ್ಮನೆ ನೆಲ ಕೆರೆಯುತ್ತಾನೆ. ಕಲಶ ಕಂಡದ್ದು ಆ ಕೆರೆತದಲ್ಲಿ.

ಎಲ್ಲವೂ ದೇವರ ಇಚ್ಛೆ ಎಂಬ ಮಾತನ್ನು ಮನುಷ್ಯ ತನ್ನ ದುಃಖವನ್ನು ಕುರಿತು ಆಡಿಕೊಂಡರೆ ಅದು ಪ್ರಾರ್ಥನೆಯಾಗಬಹುದು. ಅದೇ ಮಾತನ್ನು ನೆರೆಯವನ ದುಃಖವನ್ನು ಕುರಿತು ಆಡಿದರೆ ನ್ಯಾಯಾಧೀಶನ ಕುರ್ಚಿಯಲ್ಲಿ ಹೋಗಿ ಕುಳಿತಂತೆ. ಅಲ್ಲಮ ತನ್ನ ನಷ್ಟವನ್ನು ಒಪ್ಪಿಕೊಳ್ಳಬಹುದು. ಕಮಲತೆಯ ಸಾವಿಗೆ ಅರ್ಥ ಕಟ್ಟುವ ಅಧಿಕಾರ ನಮಗಿಲ್ಲ. ಗೆತ್ಸೆಮನೆಯಲ್ಲಿ ಆ ಮಾತು ಬಂದದ್ದು ಸಾಯಲಿದ್ದವನ ಬಾಯಿಂದಲೇ. ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದ ಶಿಷ್ಯರು ಆಡಿದ್ದಲ್ಲ. ಇದು ದೊಡ್ಡ ತತ್ತ್ವವೇನೂ ಅಲ್ಲ. ಸಾವಿನ ಮನೆಗೆ ಹೋಗಿ ಬಂದ ಯಾರಿಗಾದರೂ ಗೊತ್ತಿರುತ್ತದೆ. ಗೊತ್ತಿದ್ದೂ ಜಗುಲಿಯ ಮೇಲೆ ಕುಳಿತೊಡನೆ ನಮ್ಮ ಬಾಯಿಗೆ ಬರುವುದು ಆ ಮಾತೇ, ಏಕೆಂದರೆ ಸುಮ್ಮನೆ ಕುಳಿತಿರುವುದು ಅದಕ್ಕಿಂತ ಕಷ್ಟ.

ತೋಟಿಗನ ಕತೆಯೂ ಇಷ್ಟರಲ್ಲಿ ಸ್ವಲ್ಪ ತಿಳಿಯಾಗಬಹುದೇನೋ. ಹೊಳವಾಗಲಿ ಎಂದು ಅವನು ಬೇಡಲಿ, ಬಾಯಿತುಂಬ ಬೇಡಲಿ. ಹೊಳವಾದ ಗಳಿಗೆಯಲ್ಲಿ ಮದ್ದು ಹೊಡೆಸಲಿ. ಆಗದಿದ್ದರೆ ಉಳಿದ ಗೊನೆಗಳಿಗೆ ಹಿಂದಿನವರಂತೆ ಕೊಟ್ಟೆ ಕಟ್ಟಿಸಲಿ. ಆ ಮೇಲೆಯೂ ಮಳೆ ಸುರಿದರೆ, ಬನವಾಸಿಯಲ್ಲಿ ಒಬ್ಬನ ಗದ್ದೆ ತುಂಬಿತೆಂದು ಅವನಿಗೆ ಒಂದು ಕ್ಷಣ ನೆನಪಾದರೆ, ನಾನು ಕೇಳುವುದು ಅಷ್ಟೆ. ನೆನಪಾಗದಿದ್ದರೂ ಅವನನ್ನು ದೂಷಿಸಲಾರೆ.

ಹರಕೆಯ ವಿಷಯದಲ್ಲಿ ನಮ್ಮ ಜನರ ಕಾನೂನು ಸ್ಪಷ್ಟವಾಗಿದೆ. ಬೇಡಿದ್ದು ಕೈಗೂಡಿದರೆ ಹೇಳಿಕೊಂಡದ್ದನ್ನು ಒಪ್ಪಿಸಬೇಕು, ಕೈಗೂಡದಿದ್ದರೆ ಋಣವಿಲ್ಲ. ವ್ಯಾಪಾರದ ನ್ಯಾಯ ಎಂದು ವಿಚಾರವಂತರು ಹಳಿಯುವುದು ಇದನ್ನೇ. ಒಂದು ಜಾತ್ರೆಯಲ್ಲಿ ಗದ್ದುಗೆಯ ಮುಂದಿನ ಸಾಲಿನಲ್ಲಿ ನಿಂತಿದ್ದಾಗ, ನನ್ನ ಮುಂದೆ ಮಧ್ಯವಯಸ್ಸಿನ ಹೆಂಗಸೊಬ್ಬಳು ಉಡಿಯ ಸಾಮಾನು ಹಿಡಿದು ನಿಂತಿದ್ದಳು: ಕಣ, ತೆಂಗಿನಕಾಯಿ, ಅಕ್ಕಿ, ಹಸಿರು ಬಳೆ. ಹಿಂದಿನಿಂದ ಪರಿಚಯದವಳೊಬ್ಬಳು ಮಗ ಹೇಗಿದ್ದಾನೆ ಎಂದು ಕೇಳಿದಳು. ಮಗ ಮಳೆಗಾಲದಲ್ಲಿ ಹೋಗಿಬಿಟ್ಟನೆಂದು ಈಕೆ ಹೇಳಿದಳು. ಕೇಳಿದವಳು ತಬ್ಬಿಬ್ಬಾಗಿ, ಹಾಗಾದರೆ ಈ ಉಡಿ ಯಾವುದರದು ಎಂದಳು.

‘ಅವನದೇ. ಗುಣವಾಗಲಿ ಅಂತ ಹೇಳಿಕೊಂಡಿದ್ದೆ.’

ಎಲ್ಲ ಅಮ್ಮನ ಇಚ್ಛೆ ಎಂದು ಯಾರೋ ಅಂದರು. ಆಕೆ ಅವರ ಕಡೆ ತಿರುಗಲಿಲ್ಲ. ಸಾಲು ಮುಂದಕ್ಕೆ ಸರಿಯಿತು; ಬಳೆ ಒಡೆಯದಂತೆ ಉಡಿಯನ್ನು ಎದೆಗೆ ಒತ್ತಿಹಿಡಿದು ಆಕೆಯೂ ಸರಿದಳು.